ಕುರುಡು ಕರುಳಿನ ಬಾಲ

ದೇಸಾಂಕಾಗೆ ಊರಿನಲ್ಲಿ ಇದ್ದದ್ದು ಎರಡು ಕೆಲಸ, ಎರಡೂ ಕರುಳಿನದೇ. ಚಳಿ ಬಿದ್ದು ಮನೆಮನೆಯಲ್ಲೂ ಹಂದಿ ಕಡಿಯುವ ದಿನಗಳು ಬಂದವೆಂದರೆ ಕರುಳು ಬಿಡಿಸಿ, ಮಗುಚಿ, ತೊಳೆದು, ಸಾಸೇಜ್ ತುಂಬುವ ಹದಕ್ಕೆ ತರಲು ಅವಳೇ ಬೇಕು. ವರ್ಷದ ಉಳಿದ ದಿನಗಳಲ್ಲಿ ಜನರ ಹೊಟ್ಟೆ ನೋಡುವುದಕ್ಕೂ ಅವಳೇ ಬೇಕು. ಮೂಟೆ ಎತ್ತಿ ಹೊಕ್ಕಳ ಬಟ್ಟಿ ಜಾರಿದವರು, ತಿಂದದ್ದು ಇಳಿಯದವರು, ಇಳಿದದ್ದು ನಿಲ್ಲದವರು, ಎಲ್ಲರೂ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಅವಳ ಅಡುಗೆಮನೆಯ ಬೆಂಚಿನ ಮೇಲೆ ಅಂಗಾತ ಮಲಗುತ್ತಿದ್ದರು. ಅವಳು ಹೊಕ್ಕಳಿನಲ್ಲಿ ಮೂರು ಬೆರಳು ಊರಿ ಕಣ್ಣು ಮುಚ್ಚುತ್ತಿದ್ದಳು. ಮಿಡಿತ ನಡುಮಧ್ಯೆ ಸಿಕ್ಕಿತೋ, ಬಟ್ಟಿ ಜಾಗದಲ್ಲಿದೆ. ಮೇಲಕ್ಕೋ ಪಕ್ಕಕ್ಕೋ ಸಿಕ್ಕಿತೋ, ಜಾರಿದೆ. ಆಗ ಹಂದಿಕೊಬ್ಬು ಸವರಿ, ತಪ್ಪಿಸಿಕೊಂಡ ಕೋಳಿಮರಿಯನ್ನು ಗೂಡಿಗೆ ಅಟ್ಟುವ ಹಾಗೆ ಆ ಮಿಡಿತವನ್ನು ಮೆಲ್ಲಮೆಲ್ಲಗೆ ಹೊಕ್ಕಳಿಗೆ ಅಟ್ಟಿಕೊಂಡು ಬರುತ್ತಿದ್ದಳು. ಕೊನೆಗೆ ಹೊಟ್ಟೆಯ ಮೇಲಿಟ್ಟ ಒಂದು ಬ್ರೆಡ್ ತುಂಡಿನ ಮೇಲೆ ಮೇಣದಬತ್ತಿಯ ಚೂರು ನಿಲ್ಲಿಸಿ, ಹಚ್ಚಿ, ಮೇಲೆ ಗಾಜಿನ ಲೋಟ ಬೋರಲು ಹಾಕುವುದು. ಲೋಟ ಹೊಟ್ಟೆಯನ್ನು ಕಚ್ಚಿ ಹಿಡಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಮಲಗಿದವರು ಎದ್ದು ಕೂತು "ಅಬ್ಬಾ, ಜೀವ ಬಂತು" ಎನ್ನುತ್ತಿದ್ದರು.

ಇದನ್ನು ಅವಳಿಗೆ ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. "ನನ್ನ ಗುರು ಹಂದಿ," ಎಂದು ಅವಳೇ ನಗುತ್ತಿದ್ದಳು. "ಹಂದಿಯ ಒಳಗು ಕಂಡೋರು ಮನುಷ್ಯನ ಒಳಗು ಕಂಡ ಹಾಗೇ. ಮೇಲಿನ ಅಂಗಿ ಬೇರೆ, ಒಳಗಿನ ಸಾಮಾನು ಒಂದೇ." ನಲವತ್ತು ವರ್ಷ ಕರುಳು ಹಿಡಿದವಳ ಮಾತು. ಅದನ್ನು ಅಲ್ಲಗಳೆಯುವವರು ಊರಿನಲ್ಲಿ ಯಾರಿದ್ದರು?

ನವೆಂಬರ್ ಇಪ್ಪತ್ತೊಂಬತ್ತು ಗಣರಾಜ್ಯದ ದಿನ. ಶಾಲೆ, ಕಾರ್ಖಾನೆ, ಊರ ದವಾಖಾನೆ, ಎಲ್ಲಕ್ಕೂ ಎರಡು ದಿನ ರಜೆ. ಯುಗೋಸ್ಲಾವಿಯಾ ಪೂರ್ತಿ ಬಾವುಟ ಹಾರಿಸುತ್ತಿದ್ದರೆ ನಮ್ಮ ಸ್ರೆಮ್ ಸೀಮೆಯವರು ಚೂರಿ ಮಸೆಯುತ್ತಿದ್ದರು. ಆ ವರ್ಷ ಅದರ ಹಿಂದಿನ ಸಂಜೆ ತಮ್ಮ ವೆಲಿಮಿರ್ ದೇಸಾಂಕಾಳ ಬಾಗಿಲು ತಟ್ಟಿದ. ಐವತ್ತನಾಲ್ಕರ ಗಟ್ಟಿ ಆಳು, ಆದರೆ ಹೊಸಿಲು ದಾಟುವಾಗ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಅಕ್ಕಾ, ಹೊಕ್ಕಳ ಸುತ್ತ ಯಾಕೋ ಹಿಂಡ್ತಾ ಇದೆ. ಮಧ್ಯಾಹ್ನದಿಂದ."

"ಏನ್ ತಿಂದೆ?"

"ಬೀನ್ಸ್ ಕಾಳಿನ ಸಾರು."

"ಎಷ್ಟು?"

"ಮಿಲೇವಾ ಎಷ್ಟು ಮಾಡಿದ್ಲೋ ಅಷ್ಟು."

"ಹಂಗಾದ್ರೆ ಅದು ಹೊಟ್ಟೆನೋವಲ್ಲ, ಹೆಂಡ್ತಿ ಶಾಪ. ಮಲಕ್ಕೋ."

ನಾಳೆಯ ಕೆಲಸಕ್ಕೆಂದು ಕಬ್ಬಿಣದ ಕೊಪ್ಪರಿಗೆಯನ್ನು ಅವನೊಬ್ಬನೇ ಹೊತ್ತು ತಂದಿದ್ದನಂತೆ. ಮಿಡಿತ ಎರಡು ಬೆರಳು ಮೇಲೆ ಸಿಕ್ಕಿತು. ದೇಸಾಂಕಾ ಉಜ್ಜಿ ಜಾಗಕ್ಕೆ ತಂದಳು, ಲೋಟ ಕಚ್ಚಿಸಿದಳು. ವೆಲಿಮಿರ್ ಎದ್ದು ಹೊಟ್ಟೆ ತಡವಿಕೊಂಡು, "ಹೋಯ್ತು ನೋಡು," ಎಂದು ಅವಳ ಹಣೆಗೆ ಮುತ್ತಿಟ್ಟು ಹೊರಟುಹೋದ.

ಬೆಳಗ್ಗೆ ಅವಳು ತಮ್ಮನ ಅಂಗಳಕ್ಕೆ ಬರುವ ಹೊತ್ತಿಗೆ ನೆಲದ ಮೇಲೆ ಇಬ್ಬನಿ ಗಾಜಿನ ಹಾಗೆ ಹೆಪ್ಪುಗಟ್ಟಿತ್ತು. ಎರಡು ಹಂದಿಯೂ ಆಗಲೇ ಬಿದ್ದಿದ್ದವು. ಹಂದಿ ಕಡಿಯುವ ಗವ್ರಾ, ಬಾಯಿಬಡುಕ, ಊರಿನಲ್ಲಿ ಅವನ ಹೊಟ್ಟೆಯಷ್ಟು ದೊಡ್ಡದು ಅವನ ನಗು ಮಾತ್ರ, ಬಿಸಿನೀರಿನ ತೊಟ್ಟಿಯ ಪಕ್ಕ ನಿಂತು ಹಂದಿಯ ಕೂದಲು ಕೀಳುವ ಸರಪಳಿ ಎಳೆಯುತ್ತಿದ್ದ. ಇನ್ನೊಂದು ತುದಿ ಹಿಡಿಯಬೇಕಾದ ವೆಲಿಮಿರ್ ಕಟ್ಟಿಗೆ ರಾಶಿಯ ಮೇಲೆ ಕೂತಿದ್ದ. ಬಲಗಾಲು ಮಡಚಿ, ಬಲಗೈಯನ್ನು ಸೊಂಟದ ಮೂಳೆಯ ಒಳಮಗ್ಗುಲಿಗೆ ಒತ್ತಿಕೊಂಡು.

"ನೋಡು ದೇಸಕ್ಕ, ನಿನ್ನ ತಮ್ಮ ಬಸುರಿ ಥರ ಕೂತವ್ನೆ," ಎಂದ ಗವ್ರಾ. "ಯಾವ ತಿಂಗಳು ಅಂತ ಕೇಳಿದ್ರೆ ಬೈತಾನೆ."

"ಎಲ್ಲಿ ನೋವು?"

"ರಾತ್ರಿ ಎಲ್ಲ ಹೊಕ್ಕಳ ಹತ್ರ ಇತ್ತು. ಈಗ ಇಲ್ಲಿಗೆ ಇಳಿದಿದೆ ಅಕ್ಕಾ."

ಇಳಿದಿದೆ ಎಂಬ ಮಾತು ಕೇಳಿ ದೇಸಾಂಕಾಗೆ ಸಮಾಧಾನವೇ ಆಯಿತು. ಕರುಳಿನ ದಾರಿ ಇರುವುದೇ ಮೇಲಿಂದ ಕೆಳಕ್ಕೆ. ನೋವು ಇಳಿಯಿತೆಂದರೆ ಒಳಗೆ ಸಿಕ್ಕಿಕೊಂಡ ಗಾಳಿ ಬಾಗಿಲ ಕಡೆಗೆ ಹೊರಟಿದೆ ಎಂದೇ ಅರ್ಥ. ಅವನನ್ನು ಒಳಗೆ ಕರೆದೊಯ್ದು ಮಲಗಿಸಿ, ಒಂದು ಚಮಚ ಹರಳೆಣ್ಣೆ ಕುಡಿಸಿದಳು. ಒಲೆಯಲ್ಲಿ ಇಟ್ಟಿಗೆ ಕಾಯಿಸಿ ಬಟ್ಟೆ ಸುತ್ತಿ ಹೊಟ್ಟೆಯ ಮೇಲಿಟ್ಟಳು. ಎಣ್ಣೆ ಹೋದ ದಾರಿಯಲ್ಲೇ ವಾಪಸು ಬಂತು. ಆಮೇಲೆ ಎರಡೂ ಅಂಗೈ ಸೇರಿಸಿ ಆ ಬಲಮಗ್ಗುಲನ್ನು ಆಳವಾಗಿ ಒತ್ತಿದಳು. ಅವನು ಹಲ್ಲು ಕಚ್ಚಿ ತಡೆದುಕೊಂಡ. ಕೈ ತೆಗೆದಳು. ಆಗ ಕಿರುಚಿದ.

ಒತ್ತಿದಾಗ ಸುಮ್ಮನಿದ್ದವನು ಬಿಟ್ಟಾಗ ಯಾಕೆ ಕಿರುಚಬೇಕು? ನಲವತ್ತು ವರ್ಷದಲ್ಲಿ ಇಂಥ ನೋವು ಅವಳ ಕೈಗೆ ಒಂದೆರಡು ಸಲ ಸಿಕ್ಕಿರಬಹುದು. ಆ ಜನ ಆಮೇಲೆ ಏನಾದರು ಎಂದು ಅವಳು ವಿಚಾರಿಸಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಮಿಲೇವಾ ಸೊಂಟಕ್ಕೆ ಕಟ್ಟಿದ್ದ ಕೆಲಸದ ಬಟ್ಟೆಗೆ ಕೈ ಒರೆಸಿಕೊಳ್ಳುತ್ತಲೇ ಇದ್ದಳು. ಗಂಡನ ವಿಷಯದಲ್ಲಿ ಹೆಚ್ಚು ಮಾತಾಡುವ ಹೆಂಗಸಲ್ಲ. "ಅತ್ತಿಗೆ, ಡಾಕ್ಟರಿಗೆ ತೋರಿಸಿದ್ರೆ?"

"ನಮ್ಮೂರ ಡಾಕ್ಟರ್ ಇವತ್ತು ಮಾವನ ಮನೇಲಿ ಹಂದಿ ಹಿಂಗಾಲು ಹಿಡ್ಕೊಂಡಿರ್ತಾನೆ," ಹೊರಗಿಂದಲೇ ಗವ್ರಾ ಕೂಗಿದ.

"ಪಟ್ಟಣದ ಆಸ್ಪತ್ರೆ ಇದೆಯಲ್ಲ."

"ಅಪ್ಪ ಅಲ್ಲಿಗೆ ಕೂತ್ಕೊಂಡು ಹೋದ, ಮಲಕ್ಕೊಂಡು ಬಂದ," ಎಂದ ವೆಲಿಮಿರ್. ಅವನ ತುಟಿ ಒಣಗಿತ್ತು. "ನನ್ನನ್ನ ಅಲ್ಲಿಗೆ ಹಾಕಬೇಡಿ. ಅಕ್ಕ ಇದ್ದಾಳಲ್ಲ. ಅಕ್ಕ ಹೇಳಲಿ, ಹೋಗು ಅಂತ. ಅವಳು ಹೇಳಿದ್ರೆ ಹೋಗ್ತೀನಿ."

ಗಂಡ ಹೆಂಡತಿ ಇಬ್ಬರೂ ಅವಳ ಮುಖ ನೋಡಿದರು.

"ಗಾಳಿ," ಎಂದಳು ದೇಸಾಂಕಾ. "ಮಧ್ಯಾಹ್ನಕ್ಕೆ ಸರಿಹೋಗುತ್ತೆ."

ಹತ್ತು ಗಂಟೆಯ ಸುಮಾರಿಗೆ ಪಶುವೈದ್ಯೆ ನೆವೆನಾ ತನ್ನ ಪುಟ್ಟ ಫಿಚಾ ಕಾರಿನಲ್ಲಿ ಬಂದಳು. ಊರಿಗೆ ಬಂದು ಎರಡು ವರ್ಷವಾಗಿತ್ತಷ್ಟೆ. ನಮ್ಮ ಕಡೆ ಹಂದಿಮಾಂಸದಲ್ಲಿ ಕಣ್ಣಿಗೆ ಕಾಣದ ಹುಳು ಇರುತ್ತದೆ. ಹಾಗಾಗಿ ಎದೆ-ಹೊಟ್ಟೆ ನಡುವಿನ ವಪೆಯಿಂದ ಒಂದು ಚೂರು ಕತ್ತರಿಸಿಕೊಂಡು ಹೋಗಿ ಅವಳು ಸೂಕ್ಷ್ಮದರ್ಶಕದ ಗಾಜಿನಡಿ ನೋಡಿ ಹೇಳುವವರೆಗೆ ಯಾರೂ ಹಸಿ ಮಾಂಸ ರುಚಿ ನೋಡುವ ಹಾಗಿರಲಿಲ್ಲ. ಚೂರು ತೆಗೆದುಕೊಂಡವಳು ಹೊರಡದೆ ದೇಸಾಂಕಾಳ ಮೇಜಿನ ಹತ್ತಿರ ನಿಂತುಬಿಟ್ಟಳು.

ಮೇಜಿನ ಮೇಲೆ ಇಡೀ ದಾರಿ ಬಿಚ್ಚಿಕೊಂಡಿತ್ತು. ಅನ್ನನಾಳದಿಂದ ಕೊನೆಯ ತುದಿಯವರೆಗೆ ಎಲ್ಲೂ ಹರಿಯದ ಹಾಗೆ, ಕೊಬ್ಬಿನ ಪರದೆಯಿಂದ ಬೆರಳಲ್ಲೇ ಬಿಡಿಸಿಟ್ಟಿದ್ದಳು.

"ಅಮ್ಮಾ, ನಮ್ಮ ಕಾಲೇಜಿನಲ್ಲೂ ಇಷ್ಟು ಚೊಕ್ಕಟವಾಗಿ ಬಿಡಿಸ್ತಿರಲಿಲ್ಲ."

ಹೊಗಳಿಕೆಗೆ ದೇಸಾಂಕಾ ಅರಳಿದಳು. "ಕಾಲೇಜಿನೋರಿಗೆ ಕುಲೆನ್ ಸಾಸೇಜ್ ತುಂಬೋ ಕೆಲಸ ಇರಲ್ಲವಲ್ಲ ಮಗಳೇ, ಅದಕ್ಕೇ. ಇಲ್ಲಿ ನೋಡು." ಸೊಂಟದ ಮೇಲೆ ಕೈಯಿಟ್ಟು ಪಾಠ ಶುರುಮಾಡಿದಳು. "ಇದು ಹೊಟ್ಟೆಚೀಲ. ಬಾಯಲ್ಲಿ ಅಗಿದದ್ದು ಇಲ್ಲಿ ಹುಳಿಗೆ ಬಿದ್ದು ಗಂಜಿಯಾಗುತ್ತೆ. ಇಲ್ಲಿ ಪಿತ್ತ ಬಂದು ಸೇರುತ್ತೆ, ಅದಕ್ಕೇ ಹಳದಿ. ಇದು ಸಣ್ಣ ಕರುಳು, ಇಲ್ಲಿಂದ ಆ ಬಾವಿವರೆಗೂ ಹೋಗಿ ಬರೋಷ್ಟು ಉದ್ದ. ಸತ್ವ ಎಲ್ಲ ಹೀರೋದು ಇದೇ, ಮನೇಲಿ ಸೊಸೆ ಇದ್ದ ಹಾಗೆ, ಸದ್ದಿಲ್ಲದೆ ದುಡಿಯುತ್ತೆ. ದೊಡ್ಡ ಕರುಳು ಅತ್ತೆ. ಬರೇ ನೀರು ಹೀರುತ್ತೆ, ಗಾಳಿ ಬಿಡುತ್ತೆ, ಜಾಗ ಮಾತ್ರ ಜಾಸ್ತಿ."

ನೆವೆನಾ ಬಿದ್ದು ಬಿದ್ದು ನಕ್ಕಳು.

"ಇದು ನನ್ನ ಬಂಗಾರ." ದೇಸಾಂಕಾ ಸಣ್ಣದೂ ದೊಡ್ಡದೂ ಕೂಡುವ ಕಡೆ ಚೀಲದಂತೆ ಜೋತಿದ್ದ, ಒಂದು ತುದಿ ಮುಚ್ಚಿದ ಕುರುಡು ಕರುಳನ್ನು ಎತ್ತಿದಳು. ಇನ್ನೊಂದು ಹಂದಿಯದನ್ನು ಆಗಲೇ ಕತ್ತರಿಸಿ, ತೊಳೆದು ಮಗುಚಿಟ್ಟಿದ್ದಳು, ಅದಕ್ಕೆ ಜೊಂಡಿನ ಕೊಳವೆ ಸಿಕ್ಕಿಸಿ ಊದಿದಳು. ತೂತಿಲ್ಲ. ಬೆಳಕಿಗೆ ಹಿಡಿದರೆ ಮುತ್ತಿನ ಬಣ್ಣ. ವರ್ಷದ ಒಳ್ಳೆಯ ಮಾಂಸ, ಕೆಂಪು ಮೆಣಸಿನಪುಡಿ, ಬೆಳ್ಳುಳ್ಳಿ ಬೆರೆಸಿ ಕುಲೆನ್ ತುಂಬುವುದು ಇದಕ್ಕೇ. ಒಂದು ಹಂದಿಗೆ ಒಂದೇ. "ಸಾವಿರಗಟ್ಟಲೆ ಊದಿದೀನಿ. ಕಾಯಿಲೆ ಬಿದ್ದದ್ದು ಒಂದೂ ಕಂಡಿಲ್ಲ. ಡಾಕ್ಟರುಗಳು ಮನುಷ್ಯರಿಗೆ ಇದೇ ಕೆಟ್ಟಿದೆ ಅಂತ ಹೇಳಿ ಹೊಟ್ಟೆ ಕುಯ್ತಾರೆ. ಕುಯ್ಯೋಕೆ ಒಂದು ನೆಪ ಬೇಕಲ್ಲ!"

ನೆವೆನಾಳ ನಗು ನಿಂತಿತು. ಊದಿದ ಚೀಲದ ದುಂಡನೆಯ ಮುಚ್ಚಿದ ತುದಿಯ ಮೇಲೆ ಅವಳು ಬೆರಳಿಟ್ಟಳು. "ಅಮ್ಮಾ, ಹಂದಿಗೆ ಇದು ಇಲ್ಲಿಗೆ ಮುಗೀತು. ಮನುಷ್ಯನಿಗೆ ಮುಗಿಯಲ್ಲ. ಇಲ್ಲಿಂದ ಒಂದು ಬಾಲ ಹೊರಡುತ್ತೆ. ಕಿರುಬೆರಳಿನಷ್ಟು, ಎರೆಹುಳು ಥರ."

"ಬಾಲಾನಾ? ಕರುಳಿಗೆ?"

"ಹೂಂ. ಅದಕ್ಕೆ ಒಂದೇ ಬಾಯಿ. ಒಳಗೆ ಏನಾದ್ರೂ ಸಿಕ್ಕಿಕೊಂಡ್ರೆ ಆಚೆ ದಾರಿ ಇಲ್ಲ. ಊದುತ್ತೆ, ಕೀವು ಕಟ್ಟುತ್ತೆ, ಒಡೆಯುತ್ತೆ. ನೀವು ಊದಿ ನೋಡಿದ ಸಾವಿರಕ್ಕೂ ಆ ಬಾಲಾನೇ ಇರಲಿಲ್ಲ. ಕಾಯಿಲೆ ಎಲ್ಲಿಂದ ಕಾಣಬೇಕು?"

"ನಾನು ಹೊಟ್ಟೆ ಮುಟ್ಟಿ ನೋಡ್ತೀನಲ್ಲ, ಎಡಗಡೆ ಯಾವತ್ತೂ..."

"ಎಡಕ್ಕಿರೋದು ಹಂದಿಗೆ. ನಮಗೆ ಬಲಕ್ಕೆ." ನೆವೆನಾ ತನ್ನ ಕೋಟಿನ ಮೇಲೆ, ಬಲ ಸೊಂಟದ ಮೂಳೆಯ ಒಳಮಗ್ಗುಲಿಗೆ ಬೆರಳಿಟ್ಟು ತೋರಿಸಿದಳು. "ಇಲ್ಲಿ. ಮೊದಲು ಹೊಕ್ಕಳ ಹತ್ರ ನೋವು ಬರುತ್ತೆ, ಆಮೇಲೆ ಇಲ್ಲಿಗೆ ಇಳಿಯುತ್ತೆ."

ದೇಸಾಂಕಾಳ ಕೈಯಲ್ಲಿದ್ದ ಚೀಲದಿಂದ ಗಾಳಿ ಉಸ್ಸೆಂದು ಹೊರಗೆ ಹೋಯಿತು. ಬಾಯಿ ತೆರೆದಳು. ಆ ಗಳಿಗೆಗೇ ಗವ್ರಾ ಮಾಂಸದ ಬೋಗುಣಿ ಹೊತ್ತು ಅತ್ತ ಬಂದ. "ಏನ್ರೀ ಡಾಕ್ಟ್ರಮ್ಮ, ನಮ್ಮ ದೇಸಕ್ಕನ ಹತ್ರ ಪಾಠ ಆಯ್ತಾ? ಸರ್ಟಿಫಿಕೇಟ್ ಇಸ್ಕೊಂಡೇ ಹೋಗಿ. ಸುತ್ತ ಹದಿನಾಲ್ಕು ಹಳ್ಳೀಲಿ ಇವಳಷ್ಟು ಹೊಟ್ಟೆ ಬಲ್ಲೋರಿಲ್ಲ!"

ಮಿಲೇವಾ ಪ್ಲಮ್ ಹಣ್ಣಿನ ಸಾರಾಯಿ ರಕಿಯಾದ ಪುಟ್ಟ ಲೋಟಗಳ ತಟ್ಟೆ ಹಿಡಿದು ಅವನ ಹಿಂದೆಯೇ ಬಂದಿದ್ದಳು. ಹೇಳುವುದಾದರೆ ಇವರೆಲ್ಲರ ಮುಂದೆ ಹೇಳಬೇಕು. ನನ್ನ ತಮ್ಮನಿಗೆ ಅಲ್ಲೇ ನೋವು, ನಾನು ಗಾಳಿ ಎಂದೆ, ಇಟ್ಟಿಗೆ ಇಟ್ಟೆ, ಒತ್ತಿದೆ. ನಿನ್ನೆ ಮೊನ್ನೆ ಬಂದ ಹುಡುಗಿ, ಅದೂ ದನದ ಡಾಕ್ಟರು, ಅವಳ ಒಂದು ಬೆರಳಿಗೆ ನಲವತ್ತು ವರ್ಷ ಒಪ್ಪಿಸಿಬಿಡಬೇಕು. ದೇಸಾಂಕಾ ಬಾಯಿ ಮುಚ್ಚಿದಳು. ಮಧ್ಯಾಹ್ನದವರೆಗೆ ನೋಡೋಣ ಎಂದುಕೊಂಡಳು. ನೆವೆನಾ ರಕಿಯಾಕ್ಕೆ ತುಟಿ ತಾಗಿಸಿ, "ಇನ್ನೂ ಹನ್ನೊಂದು ಮನೆ ಇದೆ, ಮೂರು ಗಂಟೆಗೆ ಬಂದು ಹೇಳ್ತೀನಿ," ಎಂದು ಕಾರು ಹತ್ತಿದಳು.

ಹನ್ನೆರಡೂವರೆಗೆ ನೋವು ನಿಂತುಹೋಯಿತು.

ದೀಪ ಆರಿಸಿದ ಹಾಗೆ ನಿಂತಿತಂತೆ. ವೆಲಿಮಿರ್ ಒಳಗಿನಿಂದ ತಾನೇ ನಡೆದುಕೊಂಡು ಬಂದು ಜಗಲಿಯ ಮೇಲೆ ನಿಂತು ಎರಡೂ ಕೈ ಮೇಲೆತ್ತಿದ. "ಗವ್ರಾ! ನನ್ನ ಕುಲೆನ್‌ಗೆ ಮೆಣಸಿನಪುಡಿ ಕಮ್ಮಿ ಹಾಕಿದ್ರೆ ನಿನ್ನನ್ನೂ ತೊಟ್ಟಿಗೆ ಹಾಕ್ತೀನಿ!"

ಅಂಗಳವೆಲ್ಲ ಕೂಗಾಡಿತು. ಗವ್ರಾ ಕೊಬ್ಬು ಮೆತ್ತಿದ ಮೀಸೆಯಲ್ಲೇ ದೇಸಾಂಕಾಳ ಎರಡೂ ಕೈಗೆ ಮುತ್ತಿಟ್ಟ. ಮಿಲೇವಾ ಗೋಡೆಗೆ ಆತುಕೊಂಡು ಅತ್ತಳು, ಅತ್ತು ನಕ್ಕಳು. ದೇಸಾಂಕಾ ತನ್ನ ಮೇಜಿಗೆ ಮರಳಿದಳು. ಬಾಲವಂತೆ! ಎರೆಹುಳುವಂತೆ! ಪುಸ್ತಕ ಓದಿದವರ ಮಾತು ಕೇಳಿ ಎದೆ ಒಡೆದುಕೊಂಡೆನಲ್ಲ ಎಂದು ತನ್ನನ್ನೇ ಬೈದುಕೊಂಡಳು, ಎರಡು ಲೋಟ ರಕಿಯಾ ಕುಡಿದಳು, ಕರುಳು ಕೆರೆಯುತ್ತ ಹಾಡನ್ನೂ ಗುನುಗಿದಳು.

ಊಟಕ್ಕೆ ಕೂತಾಗ ವೆಲಿಮಿರ್ ಸೂಪಿಗೆ ಚಮಚ ಅದ್ದಲಿಲ್ಲ. ನೀರು ಕೇಳಿದ. ಮತ್ತೆ ನೀರು ಕೇಳಿದ. ನಗುತ್ತಲೇ ಇದ್ದ, ಆದರೆ ನಗು ಮುಖದ ಮೇಲೆ ಯಾರೋ ಇಟ್ಟು ಹೋದ ಹಾಗಿತ್ತು. ಕಣ್ಣು ಬೆಳಗ್ಗೆಗಿಂತ ಒಳಗೆ ಹೋಗಿತ್ತು, ಮೂಗಿನ ತುದಿ ಚೂಪಾಗಿತ್ತು. "ಸ್ವಲ್ಪ ಒರಗ್ತೀನಿ," ಎಂದು ಒಳಗೆ ಹೋದ. ದೇಸಾಂಕಾ ಹಿಂದೆಯೇ ಹೋದಳು.

"ನೋವಿದ್ಯಾ?"

"ಇಲ್ಲ ಅಕ್ಕಾ. ಏನೂ ಇಲ್ಲ. ಏನೂ ಅಂದ್ರೆ ಏನೂ ಇಲ್ಲ."

ಅಂಗಿ ಎತ್ತಿ ಅಂಗೈ ಇಟ್ಟಳು. ನಿನ್ನೆ ಸಂಜೆ ಹಿಟ್ಟಿನ ಹಾಗಿದ್ದ ಹೊಟ್ಟೆ ಈಗ ಮೇಜಿನ ಹಲಗೆಯಾಗಿತ್ತು. ಉಬ್ಬುವ ಉಸಿರು ಎದೆಯಲ್ಲೇ ನಿಂತು ತಿರುಗುತ್ತಿತ್ತು, ಹೊಟ್ಟೆಗೆ ಇಳಿಯುತ್ತಿರಲಿಲ್ಲ. ಅವಳು ಬಾಗಿ ಹೊಕ್ಕಳ ಪಕ್ಕ ಕಿವಿಯಿಟ್ಟಳು.

ಹೊಟ್ಟೆಗೆ ಕಿವಿಯಿಟ್ಟವರಿಗೆ ಗೊತ್ತು, ಅಲ್ಲಿ ಯಾವಾಗಲೂ ಏನೋ ನಡೆಯುತ್ತಿರುತ್ತದೆ. ಗುಳುಗುಳು, ಚರಚರ, ಎಲ್ಲೋ ಒಂದು ಗುಡುಗು. ಹಸಿದವನಲ್ಲೂ ತುಂಬಿದವನಲ್ಲೂ ನಿದ್ದೆ ಹೋದವನಲ್ಲೂ. ಕರುಳಿಗೆ ಭಾನುವಾರವಿಲ್ಲ. ಈಗ ತಾನೇ ಕಡಿದ ಹಂದಿಯ ಕರುಳು ಕೂಡ ತೊಟ್ಟಿಗೆ ಬಿದ್ದ ಮೇಲೆ ಒಂದಷ್ಟು ಹೊತ್ತು ಹಾವಿನ ಗೂಡಿನಂತೆ ತಾನಾಗಿಯೇ ಮಿಸುಕಾಡುತ್ತದೆ. ಅದು ನಿಂತ ಮೇಲೆಯೇ ಅವಳು ಕೈ ಹಾಕುವುದು.

ತಮ್ಮನ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಅವಳು ಉಸಿರು ಹಿಡಿದು ಕೇಳಿದಳು. ಕಿವಿ ಬದಲಾಯಿಸಿ ಕೇಳಿದಳು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ. ಖಾಲಿ ಮನೆಯ ಗೋಡೆಗೆ ಕಿವಿ ಇಟ್ಟ ಹಾಗೆ.

ಎದ್ದು ಬಾಗಿಲಿಗೆ ಬಂದು ಕೂಗಿದಳು. "ಮಿಲೇವಾ! ಗವ್ರಾ! ಬನ್ನಿ ಇಲ್ಲಿ. ಇವನನ್ನ ಆಸ್ಪತ್ರೆಗೆ ಹಾಕಬೇಕು. ಈಗಲೇ."

"ಏನಾಯ್ತು ನಿಂಗೆ?" ವೆಲಿಮಿರ್ ತಲೆ ಎತ್ತಿದ. "ನೋವೇ ಇಲ್ಲ ಅಂತಿದೀನಿ."

"ಅದಕ್ಕೇ!"

"ಅತ್ತಿಗೆ, ನೀವೇ ಸರಿ ಮಾಡಿದ್ರಲ್ಲ," ಎಂದಳು ಮಿಲೇವಾ.

"ನಾನು ಸರಿ ಮಾಡಲಿಲ್ಲ. ನಾನು ಮಾಡಿದ್ದೆಲ್ಲ ತಪ್ಪು. ನಂಗೆ ಗೊತ್ತಿರೋದು ಹಂದಿ ಹೊಟ್ಟೆ. ಇವನಿಗಿರೋದು ಹಂದೀಲಿ ಇಲ್ಲ."

ಗವ್ರಾ ನಕ್ಕ. "ಎಷ್ಟು ಲೋಟ ಇಳಿಸಿದೆ ದೇಸಕ್ಕ?"

ಅವಳು ಅವನ ಕಾಲರ್ ಹಿಡಿದು ಎಳೆದು ಮಂಚದ ಮೇಲೆ ಬಗ್ಗಿಸಿದಳು. "ಕಿವಿ ಇಡು. ಹೂಂ, ಇಡು. ಏನ್ ಕೇಳುತ್ತೆ?"

"ಏನಿಲ್ಲ."

"ಮಿಲೇವಾ, ಈಗ ನೀನು ಗವ್ರಾನ ಹೊಟ್ಟೆಗೆ ಕಿವಿ ಇಡು."

ಬೇರೆ ಹೊತ್ತಿನಲ್ಲಾಗಿದ್ದರೆ ಊರೆಲ್ಲ ಒಂದು ವರ್ಷ ಹೇಳಿಕೊಂಡು ನಗುವ ದೃಶ್ಯ ಅದು. ಮಿಲೇವಾ ಕಸಾಯಿಯ ದೊಡ್ಡ ಹೊಟ್ಟೆಗೆ ಕಿವಿಯಿಟ್ಟಳು. ಅಲ್ಲಿ ಸೇತುವೆಯ ಮೇಲೆ ಗಾಡಿ ಹೋಗುತ್ತಿತ್ತು, ಗಿರಣಿ ತಿರುಗುತ್ತಿತ್ತು, ಸೂಪು ರಕಿಯಾ ಎಲ್ಲ ಜಗಳವಾಡುತ್ತಿದ್ದವು. ಆಮೇಲೆ ಗಂಡನ ಹೊಟ್ಟೆಗೆ ಇಟ್ಟಳು. ತುಂಬ ಹೊತ್ತು ತಲೆ ಎತ್ತಲಿಲ್ಲ. ಎತ್ತಿದಾಗ ಅವಳ ಮುಖ ನೋಡಿ ಗವ್ರಾ ಟೋಪಿ ತೆಗೆದ.

ವೆಲಿಮಿರ್ ಮೂವರನ್ನೂ ನೋಡಿದ. ಅವನ ಹಲ್ಲು ಕಟಕಟ ಎನ್ನತೊಡಗಿತ್ತು. "ಅಕ್ಕಾ," ಎಂದ, ಸಣ್ಣವನಾಗಿದ್ದಾಗ ಕರೆಯುತ್ತಿದ್ದ ದನಿಯಲ್ಲಿ, "ನೀನು ಹೇಳಿದ್ರೆ ಹೋಗ್ತೀನಿ ಅಂದಿದ್ನಲ್ಲ."

ಹೊರಗೆ ಫಿಚಾ ಕಾರಿನ ಹಾರ್ನ್ ಕೇಳಿಸಿತು. ನೆವೆನಾ ಕಿಟಕಿಯಿಂದಲೇ ಕೈ ಬೀಸಿ ಕೂಗಿದಳು, "ಹುಳು ಇಲ್ಲ! ಎರಡೂ ಶುದ್ಧ! ಧೈರ್ಯವಾಗಿ ತಿನ್ನಿ!" ಯಾರೂ ಉತ್ತರ ಕೊಡದ್ದು ನೋಡಿ ಇಳಿದು ಬಂದಳು. ನಾಡಿ ಹಿಡಿದಳು. ಹೊಟ್ಟೆಯ ಮೇಲೆ ಒಂದು ಬೆರಳು ಇಟ್ಟಳು, ಅಷ್ಟೆ, ಎರಡನೆಯದು ಇಡಲಿಲ್ಲ. "ನೋವು ನಿಂತದ್ದು ಎಷ್ಟು ಹೊತ್ತಿಗೆ?" ಎಂದಳು. ಹೇಳಿದರು. "ಕಾರಿಗೆ ಹತ್ತಿಸಿ," ಎಂದಳು.

ಹಿಂದಿನ ಸೀಟಿನಲ್ಲಿ ಅವನ ತಲೆ ಮಿಲೇವಾಳ ತೊಡೆಯ ಮೇಲೆ. ದೇಸಾಂಕಾ ಮುಂದೆ. ದಾರಿಯುದ್ದಕ್ಕೂ ಹಳ್ಳಿಹಳ್ಳಿಯ ಅಂಗಳದಲ್ಲಿ ಹೊಗೆ, ಬಾವುಟ, ಅಕಾರ್ಡಿಯನ್ ವಾದ್ಯ. ಕಾರು ಗುಂಡಿಗೆ ಇಳಿದಾಗಲೆಲ್ಲ ವೆಲಿಮಿರ್ ಒಂದು ಸದ್ದು ಮಾಡುತ್ತಿದ್ದ. ಆಮೇಲೆ ಗುಂಡಿಗೆ ಇಳಿದರೂ ಮಾಡಲಿಲ್ಲ.

ಶಸ್ತ್ರವೈದ್ಯ ನರೆಗೂದಲಿನ, ನಿದ್ದೆಗೆಟ್ಟ ಮನುಷ್ಯ. ಓಣಿಯಲ್ಲಿ ನಿಂತೇ ಕೇಳಿದ, "ಮೊದಲಿಂದ ಹೇಳಿ. ಏನೇನು ಕೊಟ್ರಿ, ಏನೇನು ಮಾಡಿದ್ರಿ. ನಾಚಿಕೆಗೆ ಟೈಮಿಲ್ಲ."

ದೇಸಾಂಕಾ ಹೇಳಿದಳು. ಬಟ್ಟಿ ಉಜ್ಜಿದ್ದು, ಲೋಟ ಕಚ್ಚಿಸಿದ್ದು, ಹರಳೆಣ್ಣೆ, ಬಿಸಿ ಇಟ್ಟಿಗೆ, ಎರಡೂ ಕೈಯಲ್ಲಿ ಒತ್ತಿದ್ದು, ಬಿಟ್ಟಾಗ ಕಿರುಚಿದ್ದು. ಅವನು ಕೇಳದೇ ಇದ್ದದ್ದನ್ನೂ ಹೇಳಿದಳು. "ಹತ್ತು ಗಂಟೆಗೆ ಈ ಮಗಳು ಬಾಲದ ವಿಷಯ ಹೇಳಿದ್ಲು. ಜಾಗಾನೂ ತೋರಿಸಿದ್ಲು. ನಂಗೆ ಆಗಲೇ ಗೊತ್ತಾಯ್ತು. ಸುಮ್ಮನಿದ್ದೆ."

ನೆವೆನಾ ಗೋಡೆಯ ಕಡೆ ನೋಡಿದಳು. ಮಿಲೇವಾ ಮಾತ್ರ ನೇರ ದೇಸಾಂಕಾಳನ್ನೇ ನೋಡಿದಳು.

"ಹತ್ತಕ್ಕೇನಾ?"

"ಹತ್ತಕ್ಕೆ."

"ನಾನು ಅಲ್ಲೇ ರಕಿಯಾ ಹಿಡ್ಕೊಂಡು ನಿಂತಿದ್ದೆ."

"ಹೌದು."

ಅಂದಿನಿಂದ ಇಂದಿನವರೆಗೆ ಮಿಲೇವಾ ಅತ್ತಿಗೆಗೆ ಹೇಳಿದ ಕೊನೆಯ ಮಾತು ಅದೇ.

ಆಪರೇಷನ್ ಮುಗಿಸಿ ಬಂದ ವೈದ್ಯ ಕೈ ಒರೆಸಿಕೊಳ್ಳುತ್ತ ಹೇಳಿದ, ಬಾಲ ಒಡೆದು ಒಳಗೆಲ್ಲ ಹರಡಿಬಿಟ್ಟಿತ್ತು, ತೊಳೆದಿದ್ದೇವೆ, ಕೊಳವೆ ಇಟ್ಟಿದ್ದೇವೆ, ಇನ್ನು ದೇವರೋ ಔಷಧವೋ. ದೇಸಾಂಕಾ ಅವನ ತೋಳು ಹಿಡಿದಳು. "ಒಡೆದಿದ್ದು ನನ್ನ ಕೈಯಿಂದಾನಾ?"

"ನಿಮ್ಮ ಕೈಯಿಂದಾನೋ, ತಾನಾಗೇ ಒಡೀತೋ, ಅದನ್ನ ನಾನು ಹೇಳಕ್ಕಾಗಲ್ಲ," ಎಂದ. ಯೋಚಿಸಿ ಮತ್ತೆ ಹೇಳಿದ, "ನಿಮಗೂ ಯಾವತ್ತೂ ಗೊತ್ತಾಗಲ್ಲ."

ವೆಲಿಮಿರ್ ಸಾಯಲಿಲ್ಲ. ಹತ್ತನೆಯ ದಿನ ಜ್ವರ ಏರಿ ಇನ್ನೊಂದು ಸಲ ಕುಯ್ದರು. ನಲವತ್ತೊಂದು ದಿನದ ಮೇಲೆ ಮನೆಗೆ ಬಂದಾಗ ಅವನ ಕೋಟಿನೊಳಗೆ ಇನ್ನೊಬ್ಬ ವೆಲಿಮಿರ್ ಹಿಡಿಸುತ್ತಿದ್ದ. ಬಂದವನು ಜಗಲಿಯ ಮೇಲೆ ಕೂತು ನೋಡಲು ಬಂದವರಿಗೆಲ್ಲ ಅಂಗಿ ಎತ್ತಿ ಗಾಯ ತೋರಿಸಿದ. ಕಥೆ ಹೇಳಿದ. ಆ ಕಥೆಯಲ್ಲಿ ಹರಳೆಣ್ಣೆ ಇರಲಿಲ್ಲ, ಇಟ್ಟಿಗೆ ಇರಲಿಲ್ಲ, ಹತ್ತು ಗಂಟೆಯೂ ಇರಲಿಲ್ಲ. "ನಂಗೆ ನೋವೇ ಇಲ್ಲ, ಕುಣೀತಾ ಇದ್ದೆ. ಅಕ್ಕ ಬಂದು ಕಿವಿ ಇಟ್ಲು ನೋಡಿ, ಬರೇ ಕಿವಿ! ಒಳಗೆ ಒಡೆದಿದೆ ಅಂದ್ಲು. ಡಾಕ್ಟರೇ ದಂಗಾಗಿಬಿಟ್ರು."

ದೇಸಾಂಕಾ ಅಂಗಡಿಯಲ್ಲಿ, ಚರ್ಚಿನ ಮುಂದೆ, ಎಲ್ಲಿ ಸಿಕ್ಕರೆ ಅಲ್ಲಿ ಅದನ್ನು ತಿದ್ದಲು ನೋಡಿದಳು. "ನನ್ನಿಂದ ಸಾಯ್ತಿದ್ದ ಅವನು. ನಂಗೆ ಗೊತ್ತಿರೋದು ಹಂದಿದು ಮಾತ್ರ." ಜನ ಅವಳ ಬೆನ್ನು ತಟ್ಟಿದರು. ನೋಡಿ, ಇಷ್ಟಾದರೂ ಒಂದು ಚೂರು ಗರ್ವ ಇಲ್ಲ! ಮಿಲೇವಾ ಬಾಯಿ ಬಿಟ್ಟಿದ್ದರೆ ನಂಬುತ್ತಿದ್ದರೋ ಏನೋ. ಅವಳು ಗಂಡನ ಗಾಯದ ಬಟ್ಟೆ ಒಗೆಯುತ್ತಿದ್ದಳು, ಬಾಯಿ ಬಿಡಲಿಲ್ಲ.

ಮೊದಲು ಬೆಳಗ್ಗೆ ಒಬ್ಬರೋ ಇಬ್ಬರೋ ಬರುತ್ತಿದ್ದ ಗೇಟಿನ ಮುಂದೆ ಈಗ ಆರೇಳು ಜನ. ಫ್ರುಷ್ಕಾ ಗೋರಾ ಬೆಟ್ಟದ ಆಚೆಯಿಂದಲೂ ಬರುತ್ತಿದ್ದರು. ಅವಳು ಬೆಂಚನ್ನು ಒಡೆದು ಒಲೆಗೆ ಹಾಕಿದಳು. ಜನ ಕುರ್ಚಿ ತಂದರು. ಬೈದಳು, ಬಾಗಿಲು ಹಾಕಿಕೊಂಡಳು. ಕಿಟಕಿ ತಟ್ಟಿದರು.

ಫೆಬ್ರವರಿಯ ಒಂದು ಬೆಳಗ್ಗೆ ಗೇಟಿನ ಹತ್ತಿರ ಅಪರಿಚಿತನೊಬ್ಬ ನಿಂತಿದ್ದ. ಮೂವತ್ತರ ಒಳಗಿನವನು, ರೈಲ್ವೆಯವರ ಟೋಪಿ, ಒಳ್ಳೆಯ ಮಾತಿನವನು. ಬಲಗಾಲು ಸ್ವಲ್ಪ ಎಳೆದು ಹಾಕುತ್ತಿದ್ದ.

"ನಮಸ್ಕಾರ ಅಮ್ಮಾ. ನಿಮ್ಮ ಹೆಸರು ಕೇಳಿ ಬಂದೆ. ನಿನ್ನೆ ಹೊಕ್ಕಳ ಹತ್ರ ಇತ್ತು, ಈಗ ಇಲ್ಲಿ..."

ಕೈ ಎಲ್ಲಿಗೆ ಹೋಯಿತೆಂದು ಅವಳು ನೋಡಿದಳು.

"ಆಸ್ಪತ್ರೆಗೆ ಹೋಗು. ಈಗಲೇ. ಕಾಲಿಗೆ ಬೀಳ್ತೀನಿ, ಹೋಗು."

"ಹೋಗ್ತೀನಿ ಅಮ್ಮಾ. ನೀವು ಒಂದು ಸಲ ಕೈ ಇಟ್ಟುಬಿಡಿ, ಆಮೇಲೆ ಹೋಗ್ತೀನಿ. ಕಿವಿ ಆದ್ರೂ ಇಡಿ."

"ನಂಗೆ ಏನೂ ಗೊತ್ತಿಲ್ಲ ಕಣೋ! ನಿನ್ನೊಳಗೆ ಏನಿದೆ ಅಂತ ನಂಗೆ ಗೊತ್ತಿಲ್ಲ! ಕುಯ್ಯೋರ ಹತ್ರ ಹೋಗು!"

ಅವನ ಮುಖ ಬಾಡಿತು. ಕೋಪ ಮಾಡಿಕೊಳ್ಳಲಿಲ್ಲ. "ನಿಮಗೆ ಜನ ಹೆಚ್ಚಾಗಿದ್ದಾರೆ, ಸುಸ್ತಾಗಿದೀರಿ, ಅರ್ಥ ಆಗುತ್ತೆ," ಎಂದ. "ಪರವಾಗಿಲ್ಲ. ನದಿ ಆಚೆ ಇನ್ನೊಬ್ಬ ಅಜ್ಜಿ ಇದ್ದಾರಂತೆ, ಅವರೂ ಚೆನ್ನಾಗಿ ಒತ್ತುತ್ತಾರಂತೆ."

ದೇಸಾಂಕಾ ಚಪ್ಪಲಿಯಲ್ಲೇ ಹಿಮದ ಕೆಸರಿಗೆ ಇಳಿದಳು. "ಬೇಡ! ಒತ್ತಿಸ್ಕೋಬೇಡ! ನಿಲ್ಲು!" ಅವನು ರಸ್ತೆ ದಾಟಿದ್ದ. ಅರವತ್ತಮೂರರ ಕಾಲು, ಎಷ್ಟು ಓಡೀತು? ಬಸ್ಸು ಬಂತು. ಪಟ್ಟಣದ ಕಡೆಯದಲ್ಲ, ನದಿಯ ಕಡೆಯದು. ಅವನು ಹತ್ತಿದ. ಅವಳು ಬಸ್ಸಿನ ತಗಡಿನ ಮೇಲೆ ಅಂಗೈ ಬಡಿಯುವಷ್ಟು ಹತ್ತಿರ ಬಂದಳು, ಬಡಿದಳು ಕೂಡ. ಡ್ರೈವರ್ ಯಾರೋ ಮುದುಕಿ ಬೀಳ್ಕೊಡುತ್ತಿದ್ದಾಳೆ ಎಂದುಕೊಂಡು ಹಾರ್ನ್ ಹೊಡೆದ. ಕಿಟಕಿಯಲ್ಲಿ ಆ ಹುಡುಗ ಸೀಟಿಗೆ ಬಾಗಿ ಕೂತವನು, ಹೊಟ್ಟೆಯ ಮೇಲಿನ ಕೈಯನ್ನು ತೆಗೆಯದೆ, ಇನ್ನೊಂದು ಕೈಯಿಂದ ಅವಳಿಗೆ ಗೌರವವಾಗಿ ಟೋಪಿ ಎತ್ತಿದ.